ಪೇಸ್ಟ್ ತಗಡಿನ ಅವ್ವ

ನಮ್ಮ ಮನೆಗೆ ಚಿಗವ್ವ ಬಂದಾಗ ಅವಳ ಕೊರಳಲ್ಲಿ ನಮ್ಮವ್ವ ಇದ್ದಳು. ಹೀಗೆಂದರೆ ಈಗಿನವರಿಗೆ ತಿಳಿಯುವುದಿಲ್ಲ. ನಮ್ಮ ಕಡೆ ಕೆಲವು ಮನೆತನಗಳಲ್ಲಿ, ಹೆಂಡತಿ ಸತ್ತವನು ಇನ್ನೊಂದು ಮದುವೆಯಾದರೆ, ಸತ್ತವಳ ಹೆಸರಿನಲ್ಲಿ ಬೆಳ್ಳಿಯದೊಂದು ಸಣ್ಣ ಬಿಲ್ಲೆ ಮಾಡಿಸಿ, ಅದರ ಮೇಲೆ ಕೈಮುಗಿದು ನಿಂತ ಹೆಂಗಸಿನ ಆಕಾರ ಒತ್ತಿಸಿ, ಬಂದವಳ ಕೊರಳಿಗೆ ಕಟ್ಟುತ್ತಿದ್ದರು. ಸವತಿ ತಾಳಿ ಅಂತ ಅದರ ಹೆಸರು. ಸತ್ತವಳು ಮುನಿಯಬಾರದು, ಬಂದವಳು ಮರೆಯಬಾರದು, ಅದಕ್ಕೆ. ಹಬ್ಬಕ್ಕೆ ಹೊಸ ಸೀರೆ ತಂದರೆ ಮೊದಲು ಆ ಬಿಲ್ಲೆಗೆ ಮುಟ್ಟಿಸಬೇಕು. ಉಣ್ಣಲು ಕೂತರೆ ಮೊದಲ ತುತ್ತು ಅದರ ಹೆಸರಿನಲ್ಲಿ ತಾಟಿನ ಅಂಚಿಗೆ ಇಡಬೇಕು. ಪತ್ತಾರರು ಅವ್ವನ ಕಾಲುಚೈನಿನ ಬೆಳ್ಳಿಯಲ್ಲೇ ಅದನ್ನು ಮಾಡಿಕೊಟ್ಟಿದ್ದರು. ನನಗೆ ಆಗ ಹನ್ನೊಂದು ವರ್ಷ, ತಂಗಿ ಗಂಗಿಗೆ ಆರು. ಅವ್ವ ಹೋದಾಗ ಗಂಗಿ ಇನ್ನೂ ಅಂಬೆಗಾಲಿನಲ್ಲಿದ್ದಳು, ಅವಳಿಗೆ ಅವ್ವನ ಮುಖ ನೆನಪಿಲ್ಲ. ನನಗಿತ್ತು. ಅದಕ್ಕೇ ಚಿಗವ್ವ ಕಸ ಹೊಡೆಯಲು ಬಗ್ಗಿದಾಗೆಲ್ಲ ಆ ಬಿಲ್ಲೆ ಸೆರಗಿನಿಂದ ಹೊರಗೆ ಬಿದ್ದು ತೂಗುತ್ತಿದ್ದರೆ, ನಮ್ಮವ್ವನನ್ನು ಯಾರೋ ಕುತ್ತಿಗೆಗೆ ಹಗ್ಗ ಹಾಕಿ ಎಳೆದಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಹೊಸಪೇಟೆಯಲ್ಲಿ ಕಾಲುವೆಗೆ ಬೆನ್ನು ಮಾಡಿದ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಮುಂದಿನ ಖೋಲಿಯಲ್ಲಿ ಅಜ್ಜಿಯ ಮಂಚ, ಮಂಚದ ಕೆಳಗೆ ಅವಳ ಟ್ರಂಕು. ಹಿಂದೆ ಅಡುಗೆ, ಅಲ್ಲೇ ಒಂದು ಮೂಲೆಯಲ್ಲಿ ಬಚ್ಚಲು. ನೆಲಕ್ಕೆ ಕಡಪ ಕಲ್ಲು ಹಾಸಿತ್ತು, ಎರಡು ಕಲ್ಲು ಅಲುಗಾಡುತ್ತಿದ್ದವು. ಅಜ್ಜಿ ಬೇಕೆಂದೇ ಅವನ್ನು ಸರಿಮಾಡಿಸಿರಲಿಲ್ಲ. ಮಂಚದ ಮೇಲೆ ಮಲಗಿದಲ್ಲೇ ಯಾರು ಅಡುಗೆ ಖೋಲಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂದು ಆ ಕಲ್ಲಿನ ಸಪ್ಪಳದಲ್ಲೇ ಹೇಳುತ್ತಿದ್ದಳು. ಎಣ್ಣೆ ಸೀಸೆಗೆ ಇದ್ದಿಲಿನಿಂದ ಗೆರೆ ಎಳೆದಿಡುವುದು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟನ್ನು ಸಮ ಮಾಡಿ ಮೇಲೆ ತನ್ನ ಅಂಗೈ ಒತ್ತಿಡುವುದು, ಇವೆಲ್ಲ ಅಜ್ಜಿಯ ಪದ್ಧತಿ. ತಾನಿಲ್ಲದಾಗ ಯಾರಾದರೂ ಹಿಟ್ಟು ತೆಗೆದರೆ ಅಂಗೈ ಗುರುತು ಕೆಡುತ್ತದೆ. ಚಿಗವ್ವ ಬಂದು ಎಂಟು ದಿನಕ್ಕೆ ಇದನ್ನು ಕಂಡುಕೊಂಡಳು. ಹಿಟ್ಟು ಬೇಕಾದಾಗ ಡಬ್ಬಿಯನ್ನೇ ಎತ್ತಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟು, ನೀವೇ ತಗದು ಕೊಡ್ರಿ ಅತ್ತಿ ಅನ್ನುತ್ತಿದ್ದಳು. ಅದರಿಂದ ಅಜ್ಜಿಗೆ ಸಮಾಧಾನ ಆಗಲಿಲ್ಲ, ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಸಾಚಾ ನಡೆಯುವವಳು ಏನೋ ದೊಡ್ಡದಕ್ಕೇ ಕಣ್ಣು ಹಾಕಿದ್ದಾಳೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನೂ ನಂಬಿದೆ. ಅಪ್ಪ ಮಾತ್ರ ಈ ಯಾವುದರಲ್ಲೂ ಇರಲಿಲ್ಲ. ಕಂಪ್ಲಿ ರಸ್ತೆಯ ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಅವನ ಕೆಲಸ. ಗದ್ದೆಗೆ ನೀರೆತ್ತುವ ಪಂಪಿನ ಮೋಟಾರು ಸುಟ್ಟರೆ ಕಂಪ್ಲಿ, ಬುಕ್ಕಸಾಗರದವರು ಅಲ್ಲಿಗೇ ತರುತ್ತಿದ್ದರು. ಏಳನೇ ಇಯತ್ತೆ ಮುಗಿಸಿ ನಾನೂ ಅವನ ಪಕ್ಕದಲ್ಲಿ ಕೂತವನು ಇಂದಿಗೂ ಅದೇ ಕೆಲಸ ಮಾಡುತ್ತಿದ್ದೇನೆ. ನಾನು ಸುತ್ತಿದ ಮೋಟಾರು ವರ್ಷದೊಳಗೆ ತಿರುಗಿ ಬಂದಿದ್ದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಕಾಯಿಲು ನೋಡಲು ಎಷ್ಟೇ ಚೆಂದ ಇರಲಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡದೆ ನಾನು ಮುಚ್ಚಳ ಹಾಕುವುದಿಲ್ಲ. ಆ ಬುದ್ಧಿ ಬಂದದ್ದು ಅಪ್ಪನಿಂದ ಅಲ್ಲ, ಅಜ್ಜಿಯಿಂದ.

ಚಿಗವ್ವನ ಹೆಸರು ಹುಲಿಗೆವ್ವ. ಸಂಡೂರು ತಾಲ್ಲೂಕಿನ ವಡ್ಡು ಅವಳ ತವರು. ತಾಯಿ ಇಲ್ಲದ ತಮ್ಮಂದಿರನ್ನು ಸಾಕಿ ದೊಡ್ಡವರನ್ನು ಮಾಡಿಯೇ ಅವಳು ಮದುವೆಯಾದದ್ದು. ಯಾವುದನ್ನೂ ಹೊರಗೆ ಎಸೆಯುವವಳಲ್ಲ. ಗುಳಿಗೆಯ ಹಾಳೆ, ಒಡೆದ ಬಳೆಯ ಚೂರು, ಖಾಲಿ ರೀಫಿಲ್ಲು, ಸೀತಾಫಲದ ಬೀಜ, ಸೋಡಾ ಬಾಟಲಿಯ ಮುಚ್ಚಳ, ಎಲ್ಲವೂ ಗೋಡೆಗೆ ನೇತುಹಾಕಿದ ಒಂದು ಸಿಮೆಂಟ್ ಚೀಲದ ಕೈಚೀಲಕ್ಕೆ ಹೋಗುತ್ತಿದ್ದವು. ಒಮ್ಮೆ ಶಾಲೆಯಲ್ಲಿ ಗಂಗಿಯ ಕ್ಲಾಸಿನ ಹುಡುಗಿಯರದು ಕುಣಿತ ಇತ್ತು. ಕೊರಳಿಗೆ, ಕಿವಿಗೆ ಏನಾದರೂ ಹಾಕಿಕೊಂಡು ಬರಬೇಕೆಂದು ಟೀಚರು ಹೇಳಿದ್ದರಂತೆ. ಟ್ರಂಕಿನಲ್ಲಿ ಅವ್ವನ ಗುಂಡಿನ ಸರ ಇತ್ತು, ಅದನ್ನು ಅಜ್ಜಿ ತೆಗೆಯುವವಳಲ್ಲ. ಓಣಿಯಲ್ಲಿ ಯಾರನ್ನೂ ಕೇಳಲೂ ಬಿಡುವವಳಲ್ಲ. ಗಂಗಿ ಬಾಗಿಲ ಹಿಂದೆ ಕೂತು ಸೊರಸೊರ ಅಳುತ್ತಿದ್ದಳು. ಚಿಗವ್ವ ಗೋಡೆಯ ಮೇಲಿನ ಹಳೇ ಕ್ಯಾಲೆಂಡರನ್ನು ಇಳಿಸಿ, ಕೆಂಪು ಬಣ್ಣ ಇದ್ದ ಕಡೆ ನೋಡಿ ನೋಡಿ ಉದ್ದುದ್ದ ಪಟ್ಟಿ ಕತ್ತರಿಸಿದಳು. ಪಟ್ಟಿಯ ಒಂದು ತುದಿ ಅಗಲ, ಒಂದು ತುದಿ ಚೂಪು. ಕಸಬರಿಗೆಯ ಕಡ್ಡಿಗೆ ಅಗಲ ತುದಿಯಿಂದ ಸುತ್ತುತ್ತ ಬಂದು, ಕೊನೆಗೆ ಅನ್ನದ ಗಂಜಿ ಹಚ್ಚಿ ಕಡ್ಡಿ ಎಳೆದರೆ ನಡುವೆ ದಪ್ಪ, ಎರಡೂ ಬದಿ ಸಣ್ಣ ಆಗಿ ಒಂದು ಮಣಿ. ಸಂಜೆಯೊಳಗೆ ಗಂಗಿಯ ಕೊರಳಲ್ಲಿ ಮೂರೆಳೆಯ ಸರ ಇತ್ತು. ಹವಳದಂಗ ಕಾಣ್ತದ ನೋಡು ಎಂದು ಓಣಿಯ ಹೆಂಗಸರು ಮುಟ್ಟಿ ನೋಡಿ ಹೋದರು.

ಅಲ್ಲಿಂದ ಪ್ರತಿ ಆದಿತ್ಯವಾರ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಚೀಲ ಹಾಸಿ ಓಣಿಯ ಮಕ್ಕಳೆಲ್ಲ ಕೂಡುವುದು ಶುರುವಾಯಿತು. ಈಗ ನನ್ನ ಮೊಮ್ಮಕ್ಕಳ ಶಾಲೆಯಲ್ಲಿ ಇದನ್ನೇ ಕಸದಿಂದ ರಸ ಎಂದು ಹೆಸರಿಟ್ಟು, ಸ್ಪರ್ಧೆ ಮಾಡಿ, ಫೋಟೋ ತೆಗೆದು ಕಳಿಸುತ್ತಾರೆ. ನಮ್ಮ ಕಟ್ಟೆಯ ಮೇಲೆ ಅದಕ್ಕೆ ಹೆಸರಿರಲಿಲ್ಲ. ಬಳೆಯ ಚೂರನ್ನು ಚಿಮಣಿ ದೀಪದ ಉರಿಗೆ ಹಿಡಿದು, ಮೆತ್ತಗಾದಾಗ ಇಕ್ಕಳದಿಂದ ಬಗ್ಗಿಸಿ, ಒಂದರೊಳಗೊಂದು ಸಿಕ್ಕಿಸಿ ಸರಪಳಿ ಮಾಡುವುದನ್ನು ದೊಡ್ಡ ಹುಡುಗಿಯರಿಗೆ ಬಿಟ್ಟಿದ್ದಳು. ಸಣ್ಣವರಿಗೆ ಸೈಕಲ್ಲಿನ ವಾಲ್ ಟ್ಯೂಬನ್ನು ಕತ್ತರಿಸಿ ಮಣಿಗಳ ನಡುವೆ ಹಾಕುವ ಕಪ್ಪು ಉಂಗುರ ಮಾಡುವ ಕೆಲಸ. ನನಗೆ ತಂತಿ. ಅಪ್ಪನ ಅಂಗಡಿಯಿಂದ ಸುಟ್ಟ ಕಾಯಿಲಿನ ತಾಮ್ರದ ತಂತಿ ತುಂಡುಗಳನ್ನು ತಂದು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದರಿಂದ ಕೊಂಡಿ, ಓಲೆಯ ಕೊಕ್ಕೆ, ಬುಗುಡಿಯ ಸುರುಳಿ ಎಲ್ಲ ನಾನೇ ಮಾಡುತ್ತಿದ್ದೆ. ತಂತಿ ನನ್ನ ಮಾತು ಕೇಳುತ್ತದೆ ಎಂದು ಮೊದಲು ಗೊತ್ತಾದದ್ದು ಅಲ್ಲಿ. ಈರನ ಕೈಯಾಗಿನ ಕೊಂಡಿ ಒಮ್ಮೆ ಹಾಕಿದ್ರ ಬಿಚ್ಚಂಗಿಲ್ಲ ಎಂದು ಚಿಗವ್ವ ಎಲ್ಲರೆದುರು ಹೇಳಿದ ದಿನ ನನ್ನ ಎದೆ ಉಬ್ಬಿತ್ತು. ಆದರೆ ಮುಖ ಗಂಟು ಹಾಕಿಕೊಂಡೇ ಕೂತಿದ್ದೆ. ಹೊಗಳುವವರಿಗೆ ಏನೋ ಬೇಕಾಗಿರುತ್ತದೆ ಎಂದು ಅಜ್ಜಿ ಕಲಿಸಿದ್ದಳಲ್ಲ. ಅಜ್ಜಿ ಒಳಗಿನಿಂದಲೇ ನೋಡುತ್ತಿದ್ದಳು. ಮಕ್ಕಳೆಲ್ಲ ಹೋದ ಮೇಲೆ ನನ್ನನ್ನು ಮಂಚದ ಹತ್ತಿರ ಕರೆದು, ಕೈಗೆ ಒಂದು ಚೂರು ಬೆಲ್ಲ ಕೊಟ್ಟು ಕೇಳುತ್ತಿದ್ದಳು:

"ಇವತ್ತು ಏನೇನು ಮುಟ್ಟಿದ್ಲು? ಟ್ರಂಕಿನ ಕಡೆ ನೋಡಿದ್ಲೇನು?"

"ಇಲ್ಲಜ್ಜಿ."

"ಸುಳ್ಳು ಸರ ಮಾಡೋದು ಕಲ್ತಾಕಿಗೆ ಖರೇ ಸರದ ಮ್ಯಾಲೆ ಕಣ್ಣು ಇಲ್ಲದ ಇರ್ತದೇನಲೇ? ಒಂದರ ಜಾಗಾದಾಗ ಒಂದು ಇಟ್ಟುಬಿಟ್ರ ನಿಮ್ಮಪ್ಪಗ ತಿಳಿತದ? ನೀ ಕಣ್ಣಿಟ್ಟಿರು. ನಿಮ್ಮವ್ವಂದು ನೀನ ಕಾಯಬೇಕು."

ನಾನು ಕಾದೆ. ಅದು ನನಗೆ ಕೊಟ್ಟ ಕೆಲಸ, ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಡುವ ಸ್ವಭಾವ ಆಗಲೂ ನನ್ನದಲ್ಲ. ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ಅಲುಗಾಡುವ ಕಲ್ಲು ತಪ್ಪಿಸಿ ನಡೆಯುವುದು ನನಗೆ ರೂಢಿಯಾಗಿತ್ತು. ಅಡುಗೆ ಖೋಲಿಯಲ್ಲಿ ಚಿಗವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆಗೆಲ್ಲ ಹಲ್ಲುಜ್ಜುವ ಪೇಸ್ಟು ತಗಡಿನ ಟ್ಯೂಬಿನಲ್ಲಿ ಬರುತ್ತಿತ್ತು. ಖಾಲಿಯಾದ ಟ್ಯೂಬನ್ನು ಸೀಳಿ, ತೊಳೆದು, ಒಳಮೈ ಮೇಲೆ ಬರುವ ಹಾಗೆ ಹಳೇ ಹವಾಯಿ ಚಪ್ಪಲಿಯ ಮೇಲೆ ಇಟ್ಟು, ಖಾಲಿ ರೀಫಿಲ್ಲಿನ ಮೂತಿಯಿಂದ ಒತ್ತಿ ಒತ್ತಿ ಚಿತ್ರ ಬಿಡಿಸುವುದನ್ನು ಅವಳು ನಮಗೂ ಕಲಿಸಿದ್ದಳು. ಚಪ್ಪಲಿ ಮೆತ್ತಗಿರುವುದರಿಂದ ಒತ್ತಿದ್ದು ಹಿಂದಿನಿಂದ ಉಬ್ಬಿ ಬರುತ್ತದೆ. ನಾವು ನವಿಲು, ಹೂವು ಬಿಡಿಸುತ್ತಿದ್ದೆವು. ಅವಳು ಅವತ್ತು ಬಿಡಿಸುತ್ತಿದ್ದದ್ದು ನವಿಲಲ್ಲ. ಕೈಮುಗಿದು ನಿಂತ ಹೆಂಗಸು. ಪಕ್ಕದಲ್ಲಿ, ನೆಲದ ಮೇಲೆ, ದಾರ ಬಿಚ್ಚಿದ ನಮ್ಮವ್ವನ ಬಿಲ್ಲೆ ಇತ್ತು. ಅದನ್ನು ನೋಡಿ ನೋಡಿ ಇವಳು ಒತ್ತುತ್ತಿದ್ದಳು. ನಾನು ಕೆಮ್ಮಿದೆನೋ ಏನೋ, ತಟ್ಟನೆ ಎರಡರ ಮೇಲೂ ಅಂಗೈ ಮುಚ್ಚಿ ತಿರುಗಿದಳು. ಉಣ್ತೀಯೇನಪ್ಪ, ರೊಟ್ಟಿ ಹಾಕ್ಲಾ ಎಂದಳು. ನಾನು ಉಣ್ಣಲಿಲ್ಲ.

ಅದರ ಮರುದಿನ ವಡ್ಡುವಿನಿಂದ ಅವಳ ತಮ್ಮ ಬಂದ. ಒಂದು ಗಂಟೆ ಕೂತು, ಒಗ್ಗರಣೆ ಮಂಡಕ್ಕಿ ತಿಂದು, ಚಾ ಕುಡಿದು ಹೋದ. ಹೋಗುವಾಗ ಅವಳು ಓಣಿಯ ತಿರುವಿನವರೆಗೂ ಕಳಿಸಲು ಹೋಗಿ, ಅಲ್ಲಿ ನಿಂತು ಏನೋ ಮಾತಾಡಿದಳು. ಅವನ ಕೈಯಲ್ಲಿ ಚೀಲ ಇತ್ತು. ಅಷ್ಟು ಸಾಕಾಯಿತು ನನಗೆ. ಅವಳ ಕೊರಳಲ್ಲಿ ಈಗ ತೂಗುತ್ತಿದ್ದ ಬಿಲ್ಲೆ ಬಿಸಿಲಿಗೆ ಹೊಳೆಯುವ ರೀತಿಯೇ ಬೇರೆ ಆಗಿತ್ತು, ಗಾಳಿಗೂ ಅಲುಗುತ್ತಿತ್ತು. ಖರೆಯದು ತಮ್ಮನ ಚೀಲ ಸೇರಿದೆ, ನಮ್ಮವ್ವನನ್ನು ಸಂಡೂರಿನ ಯಾವುದೋ ಅಂಗಡಿಯಲ್ಲಿ ಕರಗಿಸುತ್ತಿದ್ದಾರೆ ಎಂದು ನಾನು ನಿಶ್ಚಯ ಮಾಡಿಕೊಂಡೆ. ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ನೋಡಿದ್ದೆ. ಗಂಗಿಗೆ ಅವಳು ಹೊಸದೊಂದು ಸರ ಮಾಡಿಕೊಟ್ಟಿದ್ದಳು. ಎಲ್ಲ ಮಣಿಗಳನ್ನೂ ನಾವೇ ಸುತ್ತಿದ್ದು. ನಡುವಿನ ಒಂದು ದಪ್ಪ ಕೆಂಪು ಮಣಿಯನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಸುತ್ತಿ, ಮೇಲೆ ಎರಡು ಸಲ ಗಂಜಿ ಬಳಿದು ಒಣಗಿಸಿದ್ದಳು. ನೋಡಿದೆ, ನೋಡಿ ಬಿಟ್ಟೆ. ಉಪ್ಪಿನ ಡಬ್ಬಿಯನ್ನೂ ಅನುಮಾನ ಮಾಡುತ್ತಿದ್ದವನು ನಾನು, ಒಂದು ಕಾಗದದ ಮಣಿಯನ್ನು ಅನುಮಾನ ಮಾಡಲಿಲ್ಲ. ಅಜ್ಜಿಗೆ ಎಲ್ಲ ವರದಿ ಒಪ್ಪಿಸಿದೆ. ಅಜ್ಜಿ ಕೂಗಾಡಲಿಲ್ಲ. ದೀಪಾವಳಿ ಅಮಾಸಿ ಬರ್ಲಿ, ಹಾಲಿನಾಗ ತೊಳಿಯುವಾಗ ತಾನ ಗೊತ್ತಾಗ್ತದ ಎಂದಳು.

ಹಬ್ಬದ ದಿನ ಸವತಿ ತಾಳಿಯನ್ನು ದಾರದಿಂದ ಬಿಚ್ಚಿ, ಹಿತ್ತಾಳೆ ಬಟ್ಟಲಿನ ಹಾಲಿಗೆ ಹಾಕಿ ತೊಳೆದು, ಆಮೇಲೆ ಹೊಸ ಸೀರೆ ಮುಟ್ಟಿಸುವುದು ನಮ್ಮ ಮನೆಯ ಕ್ರಮ. ನಾಗರಪಂಚಮಿಗೆ ಹಾಕಿದಾಗ ಅದು ಬಟ್ಟಲಿನ ತಳಕ್ಕೆ ಟಣ್ ಎಂದು ತಾಗಿದ ಸಪ್ಪಳ ನನಗೆ ನೆನಪಿತ್ತು. ಅಮಾವಾಸ್ಯೆಯ ಬೆಳಗ್ಗೆ ಗಂಗಿಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕೂರಿಸಿದ್ದರು. ಅವಳ ಸರ ಬಚ್ಚಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅಪ್ಪ ಹೊಸ ಬನಿಯನ್ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ. ತಾನೇ ತೊಳೆಯುತ್ತೇನೆ ಎಂದು ಚಿಗವ್ವ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. ದಾರ ಬಿಚ್ಚಿ, ಬಿಲ್ಲೆಯನ್ನು ಮೆಲ್ಲಗೆ ಹಾಲಿನ ಮೇಲೆ ಮಲಗಿಸಿ ಕೈ ತೆಗೆದಳು. ಟಣ್ ಅನ್ನಲಿಲ್ಲ. ನಮ್ಮವ್ವ ಹಾಲಿನ ಮೇಲೆ ತೇಲಿದಳು. ತೇಲುತ್ತ ಒಂದು ಸುತ್ತು ತಿರುಗಿ ಬಟ್ಟಲಿನ ಅಂಚಿಗೆ ಹೋಗಿ ನಿಂತಳು. ಬಚ್ಚಲಿನಲ್ಲಿ ಗಂಗಿ ಚೊಂಬಿನಿಂದ ನೀರು ಹೊಯ್ದುಕೊಳ್ಳುವ ಸಪ್ಪಳವೊಂದೇ.

"ಬೆಳ್ಳಿ ತೇಲ್ತದೇನಪ್ಪ?" ಎಂದು ಅಜ್ಜಿ ಕೇಳಿದ್ದು ಅಪ್ಪನನ್ನು. ಅಪ್ಪ ತಲೆ ತಗ್ಗಿಸಿದ. ಆಮೇಲೆ ಚಿಗವ್ವನ ಕಡೆ ತಿರುಗಿ, "ಖರೇದು ಎಲ್ಲಿ?" ಎಂದಳು.

"ಮನ್ಯಾಗ ಐತ್ರಿ ಅತ್ತಿ. ಎಲ್ಲೂ ಹೋಗಿಲ್ಲ. ಗಂಗಿ ನೀರು ಹಾಕ್ಕೊಂಡು ಬರ್ಲಿ, ಹೇಳ್ತೀನಿ."

ಗಂಗಿಗೂ ಇದಕ್ಕೂ ಏನು ಸಂಬಂಧ ಎಂದು ನಾನು ಯೋಚಿಸಲಿಲ್ಲ. ನನ್ನ ಮೈ ಉರಿಯುತ್ತಿತ್ತು. ಗೆದ್ದ ಉರಿ ಅದು. ನಾನು ಹೇಳಿದ್ದೆಲ್ಲ ನಿಜವಾಗಿತ್ತು. ಅವಳು ಮಾಡಿಸಿದ ಎಲ್ಲವೂ ಇದಕ್ಕೇ, ನಮಗೆ ಕಲಿಸಿದ ಕೈಯಿಂದಲೇ ನಮ್ಮವ್ವನನ್ನು ತಗಡು ಮಾಡಿದಳು ಎನ್ನಿಸಿತು. ಗೋಡೆಯ ಮೇಲಿನ ಕೈಚೀಲ ಕಿತ್ತುಕೊಂಡೆ, ಗೂಡಿನಲ್ಲಿದ್ದ ಓಲೆ, ಬಳೆ ಬಳಿದುಕೊಂಡೆ, ಬಚ್ಚಲ ಮೊಳೆಯ ಮೇಲಿದ್ದ ಸರವನ್ನೂ ಎಳೆದುಕೊಂಡೆ. ಗಂಗಿಯ ಕಣ್ಣಿಗೆ ಸೀಗೆಪುಡಿ ಹೋಗಿತ್ತು, ಅವಳು ನೋಡಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಓಡಿ ಹತ್ತು ಹೆಜ್ಜೆಗೆ ಕಾಲುವೆ. ಅದು ತುಂಬಿ ಹರಿಯುವ ಕಾಲ. ಚೀಲವನ್ನು ಬಾಯಿ ಕೆಳಗೆ ಮಾಡಿ ಕೊಡವಿದೆ. ಮಣಿಗಳು ಸ್ವಲ್ಪ ದೂರ ಕೆಂಪಗೆ ತೇಲಿ ಹೋದವು. ಗಂಗಿಯ ಸರವನ್ನು ಬೇರೆಯಾಗಿ, ಗುರಿಯಿಟ್ಟು, ನಡುವಿಗೆ ಬೀಸಿದೆ. ಅದು ತೇಲಲಿಲ್ಲ, ನೇರ ಮುಳುಗಿತು. ಅದನ್ನೂ ನೋಡಿದೆ.

ತಿರುಗಿ ಬಂದಾಗ ಚಿಗವ್ವ ಬಚ್ಚಲ ಗೋಡೆಯ ಮುಂದೆ ನಿಂತಿದ್ದಳು. ಮೊಳೆಯ ಮೇಲೆ ಅವಳ ಕೈ ಇತ್ತು.

"ಈರ, ಗಂಗಿ ಸರ ಎಲ್ಲಪ್ಪ?"

"ಕಾಲುವಿಗೆ ಒಗದೆ. ಎಲ್ಲಾನೂ."

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ನನ್ನ ಒದ್ದೆ ಕೈ ನೋಡಿದಳು, ಮುಖ ನೋಡಿದಳು, ಇನ್ನೊಮ್ಮೆ ಮುಖ ನೋಡಿದಳು. ಆಮೇಲೆ ಮುಂದಿನ ಖೋಲಿಗೆ ಹೋಗಿ ಅಜ್ಜಿಯ ಎದುರು ನಿಂತು, ಬಟ್ಟೆ ಒಗೆಯುವಾಗ ದಾರ ಹರಿದು ಬಿಲ್ಲೆ ಕಾಲುವೆಗೆ ಬಿತ್ತು, ಹೇಳಲು ಹೆದರಿ ತಗಡಿನದು ಮಾಡಿ ಹಾಕಿಕೊಂಡೆ, ತಪ್ಪಾಯಿತು ಎಂದಳು. ಈಗಷ್ಟೇ ಮನೆಯಲ್ಲಿದೆ ಅಂದವಳು ಈಗ ಕಾಲುವೆ ಅನ್ನುತ್ತಿದ್ದಾಳೆ! ಸುಳ್ಳು ನನಗೆ ಎದ್ದು ಕಂಡಿತು. ಸುಳ್ಳು ಹೌದೇ ಆಗಿತ್ತು. ಬಿಟ್ಟೇನೇ ನಾನು? ಅವಳ ತಮ್ಮ ಬಂದದ್ದು, ಚೀಲ, ಓಣಿಯ ತಿರುವಿನಲ್ಲಿ ನಿಂತದ್ದು ಎಲ್ಲವನ್ನೂ ಅಪ್ಪನ ಮುಂದೆ ಒಂದೇ ಉಸಿರಿನಲ್ಲಿ ಹೇಳಿದೆ. ತಮ್ಮನ ಹೆಸರು ಬಂದಾಗ ಮಾತ್ರ ಅವಳು, ಅವನ್ನ ಯಾಕ ಎಳಿತೀಯಪ್ಪ ಎಂದಳು. ಸವತಿಯನ್ನು ನೀರಿಗೆ ಹಾಕಿದವಳು ನಮ್ಮ ಒಲೆ ಮುಟ್ಟಬಾರದು, ಮಕ್ಕಳಿಗೆ ಉಣ್ಣಲಿಕ್ಕಬಾರದು, ಸತ್ತವಳು ಮನೆ ಹೊಕ್ಕು ಕಾಡುತ್ತಾಳೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಅಪ್ಪ ಎದ್ದು ಅಂಗಿ ಹಾಕಿಕೊಂಡ. ಕೆಲವು ದಿನ ವಡ್ಡುವಿಗೆ ಹೋಗಿರು, ಆಮೇಲೆ ನೋಡೋಣ ಎಂದ. ಹೊಸ ಸೀರೆಯ ಮಡಿಕೆ ಬಿಚ್ಚಿರಲಿಲ್ಲ, ಅದನ್ನು ಮಂಚದ ಮೇಲೇ ಬಿಟ್ಟು ಅವಳು ಹೋದಳು. ಹೋಳಿಗೆ ಮಾಡಲೆಂದು ಬೇಯಿಸಿಟ್ಟ ಬೇಳೆ ಹಾಗೇ ಹಳಸಿತು.

ಗಂಗಿ ಎರಡು ದಿನ ಸರ ಹುಡುಕಿದಳು. ಮೂರನೇ ದಿನ ಶಾಲೆಗೆ ಹೋಗುವಾಗ ಕಾಲುವೆಯ ದಂಡೆಯ ಮೇಲೆ, ನಿನ್ನ ಸರ ನಾನೇ ಒಗೆದೆ, ಅಳಬೇಡ, ನಾನು ಬೇರೆ ಮಾಡಿಕೊಡುತ್ತೇನೆ ಎಂದೆ. ಅವಳು ನಿಂತುಬಿಟ್ಟಳು.

"ಅದರಾಗ ಅವ್ವ ಇದ್ಲಲ್ಲ," ಎಂದಳು.

ಏನು ಎಂದು ನಾನು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಅವ್ವ ಯಾಕ ನಿನ್ನ ಕೊಳ್ಳಾಗಷ್ಟ ಇರ್ತಾಳ, ನನ್ನ ಹಂತ್ಯಾಕ ಬರಂಗಿಲ್ಲ ಎಂದು ಇವಳು ಚಿಗವ್ವನ ಜೊತೆ ಹಟ ಹಿಡಿದಿದ್ದಳಂತೆ. ದಿನಾ ಕೇಳಿದಳಂತೆ. ಕೊನೆಗೆ ಚಿಗವ್ವ ಬಿಲ್ಲೆಯನ್ನು ಕೆಂಪು ಮಣಿಯೊಳಗೆ ಸುತ್ತಿ ಸರಕ್ಕೆ ಹಾಕಿ, ಇನ್ನು ಮ್ಯಾಲೆ ನಿಮ್ಮವ್ವ ನಿನ್ನ ಹಂತ್ಯಾಕ ಅದಾಳ, ಅಜ್ಜಿಗೆ ಹೇಳಬ್ಯಾಡ ಅಂದಿದ್ದಳಂತೆ. ಅಜ್ಜಿಗೆ ಗೊತ್ತಾಗಬಾರದು ಅಂತ ತಾನು ಪೇಸ್ಟ್ ತಗಡಿನದು ಹಾಕಿಕೊಂಡಿದ್ದಳಂತೆ. ಗಂಗಿ ಇದನ್ನೆಲ್ಲ ಹೇಳಿ, ನೀ ಒಗದಿದ್ದು ಯಾರಿಗೂ ಹೇಳಂಗಿಲ್ಲ ಬಿಡು ಎಂದು ನನಗೇ ಧೈರ್ಯ ಕೊಟ್ಟಳು. ನಾನು ಸರಿ ಎಂದೆ. ಅದೇ ನನ್ನ ದೊಡ್ಡ ತಪ್ಪು. ಕಾಲುವೆಗೆ ಒಗೆದದ್ದು ಗೊತ್ತಿಲ್ಲದೆ ಮಾಡಿದ್ದು. ಇದು ಗೊತ್ತಿದ್ದು ಮಾಡಿದ್ದು. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಒಲೆಯ ಮುಂದೆ ಅಜ್ಜಿಯೇ ಕೂತು ದಪ್ಪ ರೊಟ್ಟಿ ತಟ್ಟುತ್ತಿದ್ದಳು. ಆದಿತ್ಯವಾರ ಓಣಿಯ ಮಕ್ಕಳು ಕಟ್ಟೆಯ ಹತ್ತಿರ ಬಂದು ನಿಂತು ಹೋಗುತ್ತಿದ್ದರು.

ಕೊನೆಗೆ ಒಂದು ಸಂಜೆ ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮೋಟಾರಿನ ಸಂದಿಗಳಿಗೆ ಬಿದಿರಿನ ಬೆಣೆ ಬಡಿಯುತ್ತಿದ್ದ. ಹೊಡೆಯುತ್ತಾನೆ ಎಂದು ಸಿದ್ಧವಾಗಿಯೇ ನಿಂತಿದ್ದೆ. ಬಡಿಯುವುದನ್ನು ನಿಲ್ಲಿಸದೆಯೇ ಅವನು ಹೇಳಿದ:

"ಗೊತ್ತಿತ್ತು. ಹುಡುಗಿಗೆ ಕೊಡೋಕಿಂತ ಮುಂಚೆ ನನ್ನ ಕೇಳಿದ್ಲು. ಕೊಡು ಅಂದಿದ್ದೆ. ತಗಡಿಂದು ಮಾಡ್ಕೋ, ನಿಮ್ಮತ್ತಿಗೆ ತಿಳಿಬಾರದು ಅಂದಾಂವ ನಾನ."

"ಮತ್ತ ಅವತ್ತು ಯಾಕ ಹೇಳಲಿಲ್ಲ?"

ಅವನು ಬೆಣೆ ಬಡಿದ. ಒಂದು ಮುಗಿದ ಮೇಲೆ ಇನ್ನೊಂದು ತೆಗೆದುಕೊಂಡ. ಇಷ್ಟು ತಿಂಗಳು ನಾನು ಮನೆಯಲ್ಲಿ ಎಲ್ಲರನ್ನೂ ಕಾದಿದ್ದೆ, ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದ ಈ ಮನುಷ್ಯನನ್ನು ಬಿಟ್ಟು. ಅಪ್ಪನ ಕೈ ಕೆಲಸದಲ್ಲಿ ಎಷ್ಟು ಖಚಿತವೋ, ಬಾಯಿ ಅಷ್ಟು ಹೇಡಿ ಎಂದು ಆ ಸಂಜೆ ತಿಳಿಯಿತು. ಅವನ ಮಗ ಹೌದೋ ಅಲ್ಲವೋ ಎಂದು ನಾನು ತೀರ್ಮಾನ ಮಾಡಬೇಕಾಗಿತ್ತು. ಮನೆಗೆ ಬಂದು ಅಜ್ಜಿಯ ಮುಂದೆ ನಿಂತು, ಮಣಿ, ಸರ, ಕಾಲುವೆ, ಅಪ್ಪನ ಮಾತು, ಯಾವುದನ್ನೂ ಬಿಡದೆ ಹೇಳಿದೆ. ಅಜ್ಜಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಸೊಸೆ ಮುಚ್ಚಿಟ್ಟದ್ದಕ್ಕಿಂತ ಮಗ ಮುಚ್ಚಿಟ್ಟದ್ದು ಅವಳಿಗೆ ತಾಗಿತ್ತು.

"ನಾಳೆ ನಿಮ್ಮಪ್ಪನ ಕೂಡ ಹೋಗಿ ಕರಕೊಂಡು ಬಾ," ಎಂದಳು. "ನೀನ ಮಾತಾಡು. ನಿಮ್ಮಪ್ಪ ಆದ್ರ ಅಲ್ಲಿ ಕುಂತು ಚಾ ಕುಡದು ತಿರುಗಿ ಬರ್ತಾನ."

ಹಾಗೇ ಆಯಿತು. ವಡ್ಡುವಿನಲ್ಲಿ ಬಸ್ಸಿಳಿದ ಕೂಡಲೇ ಅಪ್ಪ ಚಾದಂಗಡಿಯ ಬೆಂಚಿನ ಮೇಲೆ ಕೂತು, ನೀ ಮುಂದ ನಡಿ, ಬಂದೆ ಎಂದ. ಅದಿರಿನ ಲಾರಿಗಳ ಕೆಂಪು ಧೂಳು ಗಿಡದ ಎಲೆ, ಮನೆಯ ಗೋಡೆ, ಎಮ್ಮೆಯ ಬೆನ್ನು ಎಲ್ಲದರ ಮೇಲೂ ಕೂತಿತ್ತು. ಕೇಳಿಕೊಂಡು ಹೋಗಿ ಮನೆ ಹುಡುಕಿದೆ. ಚಿಗವ್ವ ಹೊರಗಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಕೊರಳಲ್ಲಿ ತಾಳಿ ಒಂದೇ. ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದಳು. ಕುಂದ್ರು ಎಂದಳು. ನಾನು ನಿಂತೇ ಹೇಳಿದೆ. ಗಂಗಿ ಹೇಳಿದ್ದನ್ನು, ಅಪ್ಪ ಹೇಳಿದ್ದನ್ನು, ನಾನು ಅಜ್ಜಿಗೆ ಹೇಳಿದ್ದನ್ನು. ನಿನ್ನ ತಮ್ಮನ ಮೇಲೆ ಹೊರಿಸಿದ್ದು ತಪ್ಪಾಯಿತು ಎಂದೆ. ಅವಳು ಕೈಯಲ್ಲಿದ್ದ ಶೇಂಗಾ ಒಡೆಯದೆ ಕೆಳಗಿಟ್ಟಳು.

"ಒಂದು ಕೇಳ್ತೀನಿ, ಖರೇ ಹೇಳಬೇಕು. ಇಷ್ಟು ದಿನ ಇದನ್ನ ತಲಿಯಾಗ ಇಟ್ಕೊಂಡು ಕುಂತೀನಿ. ಅದರಾಗ ನಿಮ್ಮವ್ವ ಅದಾಳ ಅಂತ ಗೊತ್ತಿದ್ದ ಒಗದಿಯೇನು? ನನ್ನ ಹೊರಗ ಹಾಕಸಾಕ?"

ನಾನು ಏನೇನೋ ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಇದಕ್ಕೆ ಆಗಿರಲಿಲ್ಲ. ಅವತ್ತು ಬಚ್ಚಲ ಮೊಳೆಯ ಹತ್ತಿರ ಅವಳು ಎರಡೆರಡು ಸಲ ನನ್ನ ಮುಖ ನೋಡಿದ್ದು ಯಾಕೆ ಎಂದು ಆಗ ತಿಳಿಯಿತು. ಗೊತ್ತಿರಲಿಲ್ಲ ಎಂದೆ. ಹೇಳಿದ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಅವ್ವನ ಆಣೆ ಎಂದೆ. ಅದು ಇನ್ನೂ ಸುಳ್ಳಿನ ಹಾಗೆ ಕೇಳಿಸಿತು. ಬೆಲ್ಲ ತಿಂದುಕೊಂಡು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದ ಹುಡುಗನನ್ನು ಅವಳು ಯಾಕೆ ನಂಬಬೇಕು? ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ಕೈ ಇದ್ದವು, ಅವನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಚಡ್ಡಿಗೆ ಒರೆಸಿಕೊಳ್ಳುತ್ತ ನಿಂತೆ.

"ಹೌದಾ," ಎಂದಳು. ನಂಬಿದೆ ಎಂಬ ಹಾಗೂ ಇರಲಿಲ್ಲ, ನಂಬಲಿಲ್ಲ ಎಂಬ ಹಾಗೂ ಇರಲಿಲ್ಲ. ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಬಟ್ಟೆಯ ಚೀಲ ಅರ್ಧ ತುಂಬಿತ್ತು, ಉಳಿದರ್ಧಕ್ಕೆ ಸುಲಿದ ಶೇಂಗಾ ಸುರಿದುಕೊಂಡಳು. ಚೀಲದ ಒಂದು ಹಿಡಿ ತಾನು ಹಿಡಿದು, ಇನ್ನೊಂದನ್ನು ನನ್ನ ಕಡೆ ಚಾಚಿದಳು. ನಾನು ಗಿಡ್ಡ, ಭಾರವೆಲ್ಲ ನನ್ನ ಕಡೆಗೇ ವಾಲಿತು. ಚಾದಂಗಡಿಯ ಕಡೆ ಹೊರಟೆವು. ದಾರಿಯುದ್ದಕ್ಕೂ ಅವಳು ಆಗಾಗ ತಿರುಗಿ ನನ್ನ ಕೈ ನೋಡುತ್ತಿದ್ದಳು. ಭಾರವಾಯಿತೇನೋ ಎಂದು ನೋಡುತ್ತಿದ್ದಳೋ, ಇದನ್ನೂ ಎಲ್ಲಿ ಬಿಟ್ಟುಬಿಡುತ್ತಾನೋ ಎಂದು ನೋಡುತ್ತಿದ್ದಳೋ, ನಾನು ಕೇಳಲಿಲ್ಲ. ಬೆರಳು ಬೆಳ್ಳಗಾಗುವ ಹಾಗೆ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಡೆದೆ.